ಒಂದು ದಿನ, ಮೂರು ಊರು: ನೋಟ, ಪೇಟೆ, ರಾತ್ರಿ

(ದ್ವಿತೀಯ ಪಿಯುಸಿ ಅರ್ಥಶಾಸ್ತ್ರ ವಿದ್ಯಾರ್ಥಿಗಳಿಗಾಗಿ ಒಂದು ಅಧ್ಯಯನ ಲೇಖನ)



ನಮ್ಮ ಪಠ್ಯದಲ್ಲಿ ಎರಡು ವಿಷಯಗಳು ನಿಮಗೆ ಯಾವಾಗಲೂ ಒಣ ಎನ್ನಿಸುತ್ತವೆ. ಒಂದು ಗುಣಕ. ಇನ್ನೊಂದು ಪಾವತಿ ಶಿಲ್ಕಿನಲ್ಲಿ ಬರುವ ಅಗೋಚರ ವ್ಯಾಪಾರ. ಸೂತ್ರ ಬರೆದುಕೊಳ್ಳುತ್ತೀರಿ, ಪರೀಕ್ಷೆಯಲ್ಲಿ ಬರೆದು ಬರುತ್ತೀರಿ, ಮರುದಿನ ಮರೆಯುತ್ತೀರಿ. ಹೀಗಾಗಿ ಈ ಸಲ ಎರಡನ್ನೂ ಕಪ್ಪುಹಲಗೆ ಬಿಟ್ಟು ರಸ್ತೆಯ ಮೇಲೆ ಕಲಿಸೋಣ ಎಂದುಕೊಂಡೆ. ಒಂದು ಭಾನುವಾರ ನಮ್ಮ ತರಗತಿಯ ನಲವತ್ತು ಜನರನ್ನು ಕರೆದುಕೊಂಡು ನರಗುಂದ, ರೋಣ, ಸೂಡಿ, ಗಜೇಂದ್ರಗಡ ಸುತ್ತಿ ಬಂದೆ. ಬೆಳಿಗ್ಗೆ ಆರಕ್ಕೆ ಹೊರಟ ಬಸ್ಸು ರಾತ್ರಿ ಒಂಬತ್ತಕ್ಕೆ ಕಾಲೇಜಿನ ಗೇಟಿಗೆ ಬಂದು ನಿಂತಿತು. ಆ ದಿನ ಬರಲಾಗದವರಿಗೂ, ಬಂದರೂ ಬಸ್ಸಿನಲ್ಲಿ ನಿದ್ದೆ ಮಾಡಿದವರಿಗೂ ಉಪಯೋಗವಾಗಲಿ ಎಂದು ಪಾಠವನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಪ್ರವಾಸಿಯ ದಿನಕ್ಕೆ ಮೂರು ಭಾಗ

ದೊಡ್ಡ ಊರಿಗೆ ಒಂದು ದಿನದ ಮಟ್ಟಿಗೆ ಹೋದ ಪ್ರವಾಸಿ ಏನು ಮಾಡುತ್ತಾನೆ? ಬೆಳಿಗ್ಗೆ ನೋಡುತ್ತಾನೆ, ಮಧ್ಯಾಹ್ನದ ಮೇಲೆ ಕೊಳ್ಳುತ್ತಾನೆ, ಕತ್ತಲಾದ ಮೇಲೆ ತಿಂದು, ತಿರುಗಿ, ಮಲಗುತ್ತಾನೆ. ನೋಟ, ಪೇಟೆ, ರಾತ್ರಿ. ಈ ಮೂರನ್ನೂ ಹೊಂದಿಸಿಕೊಂಡ ಊರಿನಲ್ಲಿ ಪ್ರವಾಸಿಯ ಹಣ ನಿಲ್ಲುತ್ತದೆ. ಒಂದೇ ಒಂದನ್ನು ಇಟ್ಟುಕೊಂಡ ಊರಿನಲ್ಲಿ ಪ್ರವಾಸಿ ಫೋಟೊ ತೆಗೆದುಕೊಂಡು ಹೋಗುತ್ತಾನೆ, ಹಣ ಅವನ ಜೇಬಿನಲ್ಲೇ ಮುಂದಿನ ಊರಿಗೆ ಹೋಗುತ್ತದೆ.

ಇದಕ್ಕೆ ಉದಾಹರಣೆಯಾಗಿ ಚೀನಾದ ಶಿಆನ್ ನಗರವನ್ನು ತೆಗೆದುಕೊಳ್ಳೋಣ. ಇದರ ಹಳೆಯ ಹೆಸರು ಚಾಂಗ್‌ಆನ್. ರೇಷ್ಮೆ ಹೆದ್ದಾರಿಯ ಪೂರ್ವದ ತುದಿ ಇದೇ. ನಾನು ಚೀನಾ ನೋಡಿದವನಲ್ಲ, ಓದಿ ತಿಳಿದವನು. ಆದರೂ ಈ ಊರನ್ನೇ ಆರಿಸಿದ್ದಕ್ಕೆ ಕಾರಣವಿದೆ, ಅದನ್ನು ಮುಂದೆ ಹೇಳುತ್ತೇನೆ.

ಶಿಆನ್‌ನಲ್ಲಿ ಬೆಳಗಿನ ನೋಟಕ್ಕೆ ಮಣ್ಣಿನ ಸೈನಿಕರಿದ್ದಾರೆ. 1974ರ ಮಾರ್ಚ್‌ನಲ್ಲಿ ಊರ ಹೊರಗಿನ ರೈತರು ಬಾವಿ ತೋಡುತ್ತಿದ್ದಾಗ ಸಿಕ್ಕ ಮಣ್ಣಿನ ತುಂಡುಗಳಿಂದ ಈ ಶೋಧ ಆರಂಭವಾಯಿತು. ಇವತ್ತು ಜಗತ್ತಿನ ಮೂಲೆ ಮೂಲೆಯಿಂದ ಜನ ಅದನ್ನು ನೋಡಲು ಬರುತ್ತಾರೆ. ಊರಿನ ಸುತ್ತ ಮಿಂಗ್ ಅರಸರ ಕಾಲದ ಕೋಟೆಗೋಡೆ ಸುಮಾರು 13.7 ಕಿಲೋಮೀಟರ್ ಉದ್ದವಾಗಿ ಇನ್ನೂ ನಿಂತಿದೆ. ಅದರ ಮೇಲೆ ಬಾಡಿಗೆ ಸೈಕಲ್ ಹತ್ತಿ ಸುತ್ತಬಹುದು. ಗಮನಿಸಿ, ಹಳೆಯ ಗೋಡೆಯೊಂದು ಸೈಕಲ್ ಬಾಡಿಗೆ ಕೊಡುವವನಿಗೆ ಅನ್ನ ಹಾಕುತ್ತಿದೆ.

ಪೇಟೆಗೆ ನಗಾರಿ ಗೋಪುರದ ಹಿಂದಿನ ಮುಸ್ಲಿಂ ಓಣಿ ಇದೆ. ರೇಷ್ಮೆ ಹೆದ್ದಾರಿಯ ವ್ಯಾಪಾರಿಗಳ ಕಾಲದಿಂದ ಬೆಳೆದ ಹ್ವೇ ಮುಸ್ಲಿಮರ ನೆಲೆ ಅದು. ಅಲ್ಲಿನ ದೊಡ್ಡ ಮಸೀದಿಗೆ ನಮ್ಮಲ್ಲಿಯ ಹಾಗೆ ಗುಮ್ಮಟವಿಲ್ಲ. ಮರದ ತೊಲೆ, ಬಾಗಿದ ಹೆಂಚಿನ ಮಾಡು, ಒಂದರ ಹಿಂದೊಂದು ಅಂಗಳ. ನೆಲದ ವಾಸ್ತು, ನಂಬಿಕೆಯ ನಮಾಜು. ಓಣಿಯಲ್ಲಿ ರೊಟ್ಟಿಯನ್ನು ಕೈಯಿಂದ ಚೂರು ಮಾಡಿ ಕುರಿ ಮಾಂಸದ ಸಾರಿನಲ್ಲಿ ನೆನೆಸಿ ಕೊಡುವ ಊಟ ಪ್ರಸಿದ್ಧ. ಜೋಳದ ರೊಟ್ಟಿ ಮುರಿದು ಸಾರಿನಲ್ಲಿ ಕಲಸಿ ಉಣ್ಣುವ ನಮಗೆ ಇದೇನೂ ಹೊಸದಲ್ಲ!

ಕತ್ತಲಾದರೆ ಅದೇ ಓಣಿ ದೀಪ ಹಚ್ಚಿಕೊಂಡು ಇನ್ನಷ್ಟು ತುಂಬುತ್ತದೆ. ದೊಡ್ಡ ಪಗೋಡಾದ ಸುತ್ತಮುತ್ತ ಹುಡುಗ ಹುಡುಗಿಯರು ಹಳೆಯ ಕಾಲದ ಉಡುಪನ್ನು ಬಾಡಿಗೆಗೆ ತೊಟ್ಟು ಅಡ್ಡಾಡುತ್ತಾರೆ. ಪ್ರವಾಸಿ ರಾತ್ರಿ ಅಲ್ಲೇ ಉಳಿಯುತ್ತಾನೆ. ಉಳಿದವನು ಮರುದಿನ ಬೆಳಿಗ್ಗೆ ತಿಂಡಿಯನ್ನೂ ಅಲ್ಲೇ ತಿನ್ನುತ್ತಾನೆ.

ಇನ್ನು ಆ ಕಾರಣ. ಶಿಆನ್‌ನ ಆ ಪಗೋಡಾವನ್ನು 652ರಲ್ಲಿ ಕಟ್ಟಿದ್ದು ಹ್ಯೂಯೆನ್‌ತ್ಸಾಂಗ್ ಭಾರತದಿಂದ ಹೊತ್ತು ತಂದ ಗ್ರಂಥಗಳನ್ನು ಕಾಪಾಡಲು. ಅದೇ ಹ್ಯೂಯೆನ್‌ತ್ಸಾಂಗ್ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು ಹೋಗಿದ್ದ. ಇಲ್ಲಿಯ ಜನ ಅಭಿಮಾನಿಗಳು, ಉಪಕಾರ ಮರೆಯದವರು, ಅವಮಾನ ಸಹಿಸದವರು, ಕಷ್ಟದಲ್ಲಿದ್ದವರು ನೆರವು ಕೇಳಿದರೆ ತಮ್ಮ ಕೆಲಸ ಬಿಟ್ಟು ಓಡುವವರು ಎಂಬರ್ಥದಲ್ಲಿ ಬರೆದಿಟ್ಟ. ಪುಲಕೇಶಿಯ ರಾಜಧಾನಿ ಬಾದಾಮಿ ನಮ್ಮ ರೋಣಕ್ಕೆ ಎಷ್ಟು ದೂರ? ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಅಂದರೆ ಶಿಆನ್‌ನ ಪ್ರವಾಸಿ ದುಡ್ಡು ಕೊಟ್ಟು ನೋಡುವ ಕಥೆಯ ಒಂದು ತುದಿ ನಮ್ಮ ಮಗ್ಗುಲಲ್ಲೇ ಇದೆ.

2. ನೋಟ: ನಮ್ಮಲ್ಲಿ ಏನಿದೆ?

ನಾವು ಮೊದಲು ಹತ್ತಿದ್ದು ನರಗುಂದದ ಗುಡ್ಡ. ಸುತ್ತ ಕಣ್ಣು ಹಾಯುವಷ್ಟು ದೂರ ಎರೆ ಭೂಮಿ, ನಡುವೆ ಒಂಟಿಯಾಗಿ ನಿಂತ ಕೆಂಪು ಗುಡ್ಡ. ಮೇಲೆ ಕೋಟೆಯ ಅವಶೇಷ. ಈ ಒಂದು ಗುಡ್ಡದ ಮೇಲೆ ನಿಂತು ಮೂರು ಕಾಲದ ಹೋರಾಟಗಳನ್ನು ಹೇಳಬಹುದು.

ಮೊದಲನೆಯದು 1785. ಕಪ್ಪದ ವಿಷಯದಲ್ಲಿ ನರಗುಂದದ ದೇಸಾಯಿಗೂ ಟಿಪ್ಪು ಸುಲ್ತಾನರಿಗೂ ತಕರಾರು ಎದ್ದು, ಮೈಸೂರಿನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿತು. ಅದು ಮರಾಠರಿಗೂ ಮೈಸೂರಿಗೂ ನಡುವಿನ ಯುದ್ಧವಾಗಿ ಬೆಳೆದು 1787ರಲ್ಲಿ ಮುಗಿಯಿತು. ಮುಗಿದದ್ದು ಯಾವ ಒಪ್ಪಂದದಿಂದ? ಗಜೇಂದ್ರಗಡದ ಒಪ್ಪಂದದಿಂದ. ಬೆಳಿಗ್ಗೆ ಯುದ್ಧ ಶುರುವಾದ ಊರಿನಲ್ಲಿದ್ದ ನಾವು ಸಂಜೆ ಅದು ಮುಗಿದ ಊರಿಗೆ ಹೋಗುವವರಿದ್ದೆವು. ನಮ್ಮ ಬಸ್ಸಿನ ದಾರಿಯೇ ಇತಿಹಾಸದ ಒಂದು ಅಧ್ಯಾಯ.

ಎರಡನೆಯದು 1858. ಮಕ್ಕಳಿಲ್ಲದ ನರಗುಂದದ ಅರಸ ಭಾಸ್ಕರರಾವ್ ಭಾವೆಗೆ ದತ್ತು ತೆಗೆದುಕೊಳ್ಳಲು ಬ್ರಿಟಿಷರು ಅನುಮತಿ ಕೊಡಲಿಲ್ಲ. ಬಂಡೆದ್ದ ಅವರ ಕಡೆಯವರು ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದರು. ಅರಸನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಮೂರನೆಯದು ನಿಮ್ಮ ಅಜ್ಜಂದಿರು ಕಣ್ಣಾರೆ ಕಂಡದ್ದು. 1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಬೆಟರ್‌ಮೆಂಟ್ ಲೆವಿಯ ವಿರುದ್ಧ ಎದ್ದ ಚಳವಳಿಯಲ್ಲಿ ಗೋಲಿಬಾರ್ ಆಗಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಪ್ರಾಣ ಬಿಟ್ಟರು. ಆ ದಿನವನ್ನು ಇಂದಿಗೂ ಹುತಾತ್ಮ ದಿನವೆಂದು ಆಚರಿಸುತ್ತಾರೆ. ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದ್ದು ಈ ಬೆಂಕಿಯಿಂದಲೇ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಮಾತು: ತೆರಿಗೆ ಎನ್ನುವುದು ಪಠ್ಯದಲ್ಲಿ ಸರ್ಕಾರದ ಆದಾಯ, ಹೊಲದಲ್ಲಿ ಅದು ಮನೆಯ ಖರ್ಚು. ಎರಡೂ ಕಡೆಯಿಂದ ನೋಡಲು ಕಲಿಯಿರಿ.

ರೋಣದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಳೆಯ ಗುಡಿಗಳನ್ನು ನೋಡಿ, ಬಸ್ ನಿಲ್ದಾಣದ ಹತ್ತಿರ ಗಿರಮಿಟ್ ಮತ್ತು ಮಿರ್ಚಿ ತಿಂದು ಸೂಡಿಯ ದಾರಿ ಹಿಡಿದೆವು.

ಸೂಡಿ ಈಗ ಸಣ್ಣ ಊರು. ಸಾವಿರ ವರ್ಷದ ಹಿಂದೆ ಹಾಗಿರಲಿಲ್ಲ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳಿದಳು, ಸೂಡಿ ಅದರೊಳಗಿನ ಮುಖ್ಯ ಊರು. ಆಕೆ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಹೆಣ್ಣುಮಗಳು. ಜೋಡು ಕಲಶದ ಗುಡಿ, ಕೆತ್ತನೆಯಿಂದ ತುಂಬಿದ ನಾಗಕುಂಡ ಇಲ್ಲಿವೆ. ನಮಗೆ ಇನ್ನೂ ಮುಖ್ಯವಾದ ಸಂಗತಿಯೆಂದರೆ, ಇಲ್ಲಿ ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇತ್ತು ಎಂದು ಶಾಸನಗಳಿಂದ ತಿಳಿಯುತ್ತದೆ. ಹಣದ ಅಧ್ಯಾಯವನ್ನು ಓದುವಾಗ ರಿಸರ್ವ್ ಬ್ಯಾಂಕು, ಮುಂಬಯಿ ಎನ್ನುತ್ತೇವೆ. ಒಂದು ಕಾಲಕ್ಕೆ ನಮ್ಮ ನೆರೆಯ ಸೂಡಿಯಲ್ಲೇ ಹಣ ಹುಟ್ಟುತ್ತಿತ್ತು. ಟಂಕಸಾಲೆ ಇದ್ದಲ್ಲಿ ವ್ಯಾಪಾರ ಇರಲೇಬೇಕು, ವ್ಯಾಪಾರ ಇದ್ದಲ್ಲಿ ಗುಡಿ ಕಟ್ಟುವಷ್ಟು ಉಳಿತಾಯ ಇರಲೇಬೇಕು. ಈ ಕಲ್ಲುಗಳು ಆ ಉಳಿತಾಯದ ರಸೀದಿಗಳು.

ಗಜೇಂದ್ರಗಡಕ್ಕೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಕಾಲಕಾಲೇಶ್ವರದ ಗುಡಿಯ ಹತ್ತಿರ ಮರದ ಬೇರಿನ ಬುಡದಿಂದ ವರ್ಷವಿಡೀ ನೀರು ಒಸರುವ ಅಂತರಗಂಗೆಯನ್ನು ಎಲ್ಲರೂ ನೋಡಿದೆವು. ಬರಗಾಲದ ಸೀಮೆಯಲ್ಲಿ ಬತ್ತದ ನೀರು ಎಂದರೆ ಜನ ಅದನ್ನು ಪವಿತ್ರ ಎಂದಿದ್ದು ಸಹಜವೇ.

ಲೆಕ್ಕ ಹಾಕಿ. ಮೂರು ಹೋರಾಟಗಳ ಗುಡ್ಡ, ಟಂಕಸಾಲೆಯ ಊರು, ಒಪ್ಪಂದದ ಕೋಟೆ, ಬತ್ತದ ನೀರು. ನೋಟದ ಕಾಲಮ್ಮಿನಲ್ಲಿ ನಾವು ಬಡವರಲ್ಲ.

3. ಪೇಟೆ: ನೇಕಾರ ಓಣಿಯಲ್ಲಿ ಒಂದು ಗಂಟೆ

ಪೇಟೆಯ ಪಾಠಕ್ಕೆ ಗಜೇಂದ್ರಗಡದ ನೇಕಾರ ಓಣಿಗಿಂತ ಒಳ್ಳೆಯ ತರಗತಿ ಕೋಣೆ ಇಲ್ಲ. ಈ ಊರಿನ ಸೀರೆಗಳಲ್ಲಿ ಪಟ್ಟೇದ ಅಂಚಿನ ಸೀರೆಗೆ ಬೇರೆಯೇ ಗೌರವವಿದೆ. ದಪ್ಪ ಹತ್ತಿ ನೂಲು, ಅಗಲವಾದ ಅಂಚು, ಒಳಗೂ ಹೊರಗೂ ಒಂದೇ ರೀತಿ ಕಾಣುವ ನೇಯ್ಗೆ. ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು ಒಂದು ಮಗ್ಗುಲು ಮಾಸಿದರೆ ಇನ್ನೊಂದು ಮಗ್ಗುಲು ತಿರುಗಿಸಿ ಉಡುತ್ತಿದ್ದ ಸೀರೆ. ಸವದತ್ತಿ ಯಲ್ಲಮ್ಮನಿಗೆ ಏರಿಸುತ್ತಿದ್ದ ಸೀರೆಯೂ ಹೌದು. ನಡುವೆ ಬಹುತೇಕ ಮರೆತೇಹೋಗಿದ್ದ ಇದನ್ನು ಜವಳಿ ಸಂಶೋಧಕಿ ಹೇಮಲತಾ ಜೈನ್ ಅವರು ಇಲ್ಲಿಯ ನೇಕಾರರ ಜೊತೆ ಸೇರಿ ಮತ್ತೆ ಮಗ್ಗಕ್ಕೆ ತಂದರು. ಈಗ ದೊಡ್ಡ ನಗರಗಳ ಅಂಗಡಿಗಳಲ್ಲಿ ಇದಕ್ಕೆ ಕೇಳುವವರಿದ್ದಾರೆ.

ನಾವು ಹೊಕ್ಕ ಮನೆಯಲ್ಲಿ ಒಬ್ಬ ಹಿರಿಯರು ಕುಣಿಮಗ್ಗದಲ್ಲಿ ಕುಳಿತಿದ್ದರು. ಕಾಲು ತುಳಿಗೋಲಿನ ಮೇಲೆ, ಕೈ ಲಾಳಿಯ ಹಗ್ಗದ ಮೇಲೆ. ಹುಡುಗನೊಬ್ಬ ಕೇಳಿದ:

"ಕಾಕಾ, ಒಂದ್ ಸೀರಿ ನೇಯಾಕ ಎಷ್ಟ್ ದಿನಾ ಬೇಕ್ರಿ?"

"ಎರಡ್ ದಿನಾ ಹಿಡಿತೈತಿ ತಮ್ಮಾ. ಅದೂ ನಾ ಒಬ್ಬಾಂವ ನೇದ್ರ ಆಗೂದಿಲ್ಲ. ಮನ್ಯಾಗ ಹೆಣಮಕ್ಕಳು ಕಂಡಿಕಿ ಸುತ್ತಿ ಕೊಡಬೇಕು, ಹಾಸು ಹೂಡಬೇಕು. ಎಲ್ಲಾರೂ ದುಡದ್ರ ಒಂದ್ ಸೀರಿ."

"ಕರೆಂಟ್ ಮಗ್ಗದಾಗ?"

"ಅದರ ಮಾತ ಬ್ಯಾರೆ. ಅದು ನಿದ್ದಿ ಮಾಡಂಗಿಲ್ಲ, ನಾ ಮಾಡತೀನಿ" ಎಂದು ನಕ್ಕರು.

ಆಗ ನಮ್ಮ ಗುಂಪಿನಿಂದ ಒಬ್ಬ ವಿದ್ಯಾರ್ಥಿನಿ ಮುಂದೆ ಬಂದಳು. ತರಗತಿಯಲ್ಲಿ ಹೆಚ್ಚು ಮಾತನಾಡದ ಹುಡುಗಿ. ನೆಲದ ಮೇಲೆ ಇದ್ದ ರಾಟೆಯ ಮುಂದೆ ಕುಳಿತು, ಯಾರೂ ಹೇಳಿಕೊಡದೆ ಕಂಡಿಕೆ ಸುತ್ತಲು ಆರಂಭಿಸಿದಳು. ಹಾಸು ಯಾವುದು, ಹೊಕ್ಕು ಯಾವುದು, ಒಡಲು ಎಲ್ಲಿ ಮುಗಿದು ಸೆರಗು ಎಲ್ಲಿ ಶುರುವಾಗುತ್ತದೆ, ನೂಲು ಕಡಿದರೆ ಗಂಟು ಹೇಗೆ ಹಾಕಬೇಕು, ಎಲ್ಲವನ್ನೂ ಗೆಳತಿಯರಿಗೆ ತೋರಿಸಿದಳು. "ನಮ್ಮ ಮನ್ಯಾಗೂ ಮಗ್ಗ ಐತ್ರಿ ಸರ್" ಎಂದಳು. ಎರಡು ವರ್ಷ ಪಾಠ ಮಾಡಿದ ನನಗೆ ಅವಳು ಅಂದು ಒಂದು ತಾಸು ಪಾಠ ಮಾಡಿದಳು.

ಕೈಮಗ್ಗದ ಬಟ್ಟೆಯನ್ನು ಗುರುತಿಸುವುದು ಹೇಗೆ? ಪ್ರತಿಯೊಬ್ಬ ಗ್ರಾಹಕನಿಗೂ ಇದು ಗೊತ್ತಿರಬೇಕು. ಒಂದು, ನೇಯ್ಗೆಯಲ್ಲಿ ಅಲ್ಲಲ್ಲಿ ಸಣ್ಣ ಏರುಪೇರು ಇರುತ್ತದೆ, ಯಂತ್ರದ ಬಟ್ಟೆ ಉದ್ದಕ್ಕೂ ಒಂದೇ ಸಮ. ಎರಡು, ಅಂಚಿನ ಉದ್ದಕ್ಕೂ ಬಟ್ಟೆಯನ್ನು ಬಿಗಿಹಿಡಿದ ಮುಳ್ಳಿನ ಸಣ್ಣ ತೂತುಗಳು ಕಾಣಬಹುದು. ಮೂರು, 2006ರಲ್ಲಿ ಆರಂಭವಾದ ಕೈಮಗ್ಗ ಗುರುತಿನ ಚೀಟಿ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆಯೊಂದು 1985ರಲ್ಲೇ ಬಂದಿದೆ. 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸುತ್ತೇವೆ. ಕಾಯ್ದೆ, ಗುರುತು, ದಿನ ಮೂರೂ ಇವೆ. ಆದರೆ ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಬಲ್ಲ ಗ್ರಾಹಕ ಇಲ್ಲದಿದ್ದರೆ ಮೂರೂ ಕಾಗದದ ಮೇಲೆಯೇ ಉಳಿಯುತ್ತವೆ.

ನಮ್ಮ ಸುತ್ತ ಇನ್ನೂ ಇಂಥ ಕಸುಬುಗಳಿವೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ನರಗುಂದದ ಪಕ್ಕದ ನವಲಗುಂದದ ಜಮಖಾನೆ ಮೂರಕ್ಕೂ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ನವಲಗುಂದದ ಜಮಖಾನೆಯನ್ನು ತಲೆತಲಾಂತರದಿಂದ ನೇಯ್ದು ಉಳಿಸಿಕೊಂಡು ಬಂದವರು ಅಲ್ಲಿಯ ಮುಸ್ಲಿಂ ಹೆಣ್ಣುಮಕ್ಕಳು. ಮನೆಯ ಗೋಡೆಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ನವಿಲು, ಪಗಡೆ ಹಾಸಿನ ಚಿತ್ತಾರ ಮೂಡಿಸುತ್ತಾರೆ. ಒಂದು ಊರಿನ ಹೆಸರನ್ನು ದೇಶಕ್ಕೆ ತಿಳಿಸಿದವರು ಮನೆಯೊಳಗೇ ಕುಳಿತು ದುಡಿದ ತಾಯಂದಿರು ಎಂಬುದನ್ನು ನೆನಪಿಡಿ.

4. ಲೆಕ್ಕ: ಗುಣಕ ನಮ್ಮ ಓಣಿಯಲ್ಲಿ

ಈಗ ಪಠ್ಯಪುಸ್ತಕ ತೆರೆಯೋಣ. ವಿದೇಶಿ ಪ್ರವಾಸಿಯೊಬ್ಬ ಶಿಆನ್‌ನಲ್ಲಿ ಖರ್ಚು ಮಾಡಿದರೆ ಚೀನಾ ಯಾವ ಸರಕನ್ನೂ ಹಡಗಿಗೆ ಏರಿಸಿಲ್ಲ, ಆದರೂ ಹೊರಗಿನ ಹಣ ಒಳಗೆ ಬಂತು. ಆದ್ದರಿಂದ ಅದು ಸೇವೆಯ ರಫ್ತು, ಅಗೋಚರ ಬಾಬು. ಬೆಂಗಳೂರಿನವನು ಗಜೇಂದ್ರಗಡಕ್ಕೆ ಬಂದು ಖರ್ಚು ಮಾಡಿದರೆ ದೇಶದ ಲೆಕ್ಕದಲ್ಲಿ ಅದು ರಫ್ತಲ್ಲ. ಆದರೆ ಊರಿನ ಲೆಕ್ಕದಲ್ಲಿ ಪರಿಣಾಮ ಅದೇ: ಹೊರಗಿನ ಹಣ ಒಳಗೆ ಬಂತು.

ಬಂದ ಹಣ ಎಷ್ಟು ಸಲ ಸುತ್ತುತ್ತದೆ? ಇದೇ ಗುಣಕ. ಸೂತ್ರ ನಿಮಗೆ ಗೊತ್ತು: ಒಂದನ್ನು, ಒಂದರಲ್ಲಿ ಸೀಮಾಂತ ಅನುಭೋಗ ಪ್ರವೃತ್ತಿಯನ್ನು ಕಳೆದು ಉಳಿದದ್ದರಿಂದ ಭಾಗಿಸಬೇಕು. ಊರಿನ ಮಟ್ಟಕ್ಕೆ ಇಳಿಸಿದಾಗ, ಬಂದ ಪ್ರತಿ ರೂಪಾಯಿಯಲ್ಲಿ ಊರಿನೊಳಗೇ ಮತ್ತೆ ಖರ್ಚಾಗುವ ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಉದಾಹರಣೆಗೆ, ನಾವು ನಲವತ್ತು ಜನ ತಲೆಗೆ 100 ರೂಪಾಯಿಯಂತೆ 4,000 ರೂಪಾಯಿ ಖರ್ಚು ಮಾಡಿದೆವು ಎಂದಿಟ್ಟುಕೊಳ್ಳಿ.

ಮೊದಲ ಸಂದರ್ಭ: ಪ್ರತಿ ರೂಪಾಯಿಯಲ್ಲಿ 50 ಪೈಸೆ ಊರಿನಲ್ಲೇ ಮರುಖರ್ಚು ಆಗುತ್ತದೆ. ಗುಣಕ 1 ÷ (1 – 0.5) = 2. ಊರಿನ ಒಟ್ಟು ಆದಾಯ 8,000 ರೂಪಾಯಿ.

ಎರಡನೆಯ ಸಂದರ್ಭ: 20 ಪೈಸೆ ಮಾತ್ರ ಊರಿನಲ್ಲಿ ಮರುಖರ್ಚು ಆಗುತ್ತದೆ, ಉಳಿದದ್ದು ಹೊರಗೆ ಸೋರಿಹೋಗುತ್ತದೆ. ಗುಣಕ 1 ÷ (1 – 0.2) = 1.25. ಊರಿನ ಒಟ್ಟು ಆದಾಯ 5,000 ರೂಪಾಯಿ.

ಬಂದವರು ಅಷ್ಟೇ ಜನ, ಕೊಟ್ಟದ್ದು ಅಷ್ಟೇ ಹಣ. 3,000 ರೂಪಾಯಿಯ ಅಂತರ ಸೋರಿಕೆಯಿಂದ ಬಂತು. ತೂತಾದ ಕೊಡಕ್ಕೆ ಎಷ್ಟು ನೀರು ಹಾಕಿದರೇನು?

ಸೋರಿಕೆಯಲ್ಲಿ ಇನ್ನೊಂದು ಬಗೆಯಿದೆ, ಅದು ಮೊದಲ ಸುತ್ತಿನಲ್ಲೇ ಆಗುತ್ತದೆ. ಪ್ರವಾಸಿ 1,000 ರೂಪಾಯಿಗೆ ಹೊರ ರಾಜ್ಯದ ಯಂತ್ರದ ಸೀರೆ ಕೊಂಡರೆ ಊರಿನಲ್ಲಿ ಉಳಿಯುವುದು ಅಂಗಡಿಕಾರನ ಲಾಭಾಂಶ ಮಾತ್ರ. ಲೆಕ್ಕಕ್ಕೆ 150 ರೂಪಾಯಿ ಎನ್ನೋಣ. ಅದೇ 1,000 ರೂಪಾಯಿಗೆ ಇಲ್ಲೇ ನೇಯ್ದ ಸೀರೆ ಕೊಂಡರೆ ನೂಲಿನ ಬೆಲೆ ಹೊರಗೆ ಹೋದರೂ, ನೇಯ್ದವರ ಕೂಲಿ, ಕಂಡಿಕೆ ಸುತ್ತಿದವರ ಕೂಲಿ, ಬಣ್ಣ ಹಾಕಿದವರ ಕೂಲಿ ಎಲ್ಲ ಓಣಿಯಲ್ಲೇ ಉಳಿಯುತ್ತದೆ. ಅದು ಕಿರಾಣಿ ಅಂಗಡಿಗೆ, ಹಾಲಿನವರಿಗೆ, ನಿಮ್ಮ ಕಾಲೇಜಿನ ಶುಲ್ಕಕ್ಕೆ ಹೋಗುತ್ತದೆ.

ಈ ಲೆಕ್ಕವನ್ನು ನೇಕಾರರ ಮನೆಯ ಕಟ್ಟೆಯ ಮೇಲೆ ಕುಳಿತು ಬಿಡಿಸಿದ್ದೆವು. ಕಂಡಿಕೆ ಸುತ್ತಿದ ಆ ಹುಡುಗಿ ನೋಟ್‌ಬುಕ್ ಮುಚ್ಚಿ ಕೇಳಿದಳು:

"ಸರ್, ಈ ಗುಣಕ ನಮ್ಮ ಮನೀಗೆ ಯಾವಾಗ ಬರ್ತೈತ್ರಿ? ಅಪ್ಪ ಮಗ್ಗ ಮಾರಿ ಗೋವಾಕ್ಕ ಕೆಲಸಕ್ಕ ಹೋಗೂ ಮಾತಾಡಾಕತ್ಯಾನ."

ಯಾರೂ ಮಾತನಾಡಲಿಲ್ಲ. ಇಂಥ ಮನೆ ಅವಳದೊಂದೇ ಅಲ್ಲ. ನಮ್ಮ ಸೀಮೆಯಿಂದ ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳು ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಕೆಲವರ ಮನೆಯವರೇ ಹೋಗಿದ್ದಾರೆ. ಅವಳ ಪ್ರಶ್ನೆಗೆ ಸೂತ್ರದಲ್ಲಿ ಉತ್ತರವಿಲ್ಲ. ಸೂತ್ರ ಹೇಳುವುದು ಹಣ ಬಂದ ಮೇಲೆ ಏನಾಗುತ್ತದೆ ಎಂದು. ಹಣ ಬರುವಂತೆ, ಬಂದದ್ದು ನಿಲ್ಲುವಂತೆ ಮಾಡುವುದು ಮನುಷ್ಯರ ಕೆಲಸ. ಅದಕ್ಕೆ ಮೂರನೆಯ ಭಾಗವಾದ ರಾತ್ರಿಯನ್ನು ನೋಡಬೇಕು.

5. ರಾತ್ರಿ: ಕತ್ತಲಾದ ಮೇಲೆ ಯಾರಿದ್ದಾರೆ?

ರಾತ್ರಿಯ ಜೀವನ ಎಂದರೆ ಕೆಲವರು ಕುಡಿತ, ಕುಣಿತ ಎಂದುಕೊಂಡಿದ್ದಾರೆ. ಶಿಆನ್‌ನ ಮುಸ್ಲಿಂ ಓಣಿಯಲ್ಲಿ ಮಧ್ಯರಾತ್ರಿಯವರೆಗೂ ಜನರನ್ನು ಹಿಡಿದಿಡುವುದು ಬೆಳಕು, ಬಿಸಿ ಊಟ ಮತ್ತು ಅಡ್ಡಾಡುವ ಧೈರ್ಯ. ನಮ್ಮ ಊರುಗಳಿಗೂ ರಾತ್ರಿ ಹೊಸದಲ್ಲ. ಜಾತ್ರೆಯ ದಿನಗಳಲ್ಲಿ ಕಂಪನಿ ನಾಟಕದ ಡೇರೆ ಬಿದ್ದರೆ ಎರಡನೆಯ ಆಟ ಮುಗಿಯುವ ಹೊತ್ತಿಗೆ ಕೋಳಿ ಕೂಗುತ್ತಿತ್ತು. ಗದುಗಿನ ಗರುಡ ಸದಾಶಿವರಾಯರ ನಾಟಕ ಮಂಡಳಿಯ ಕಾಲದಿಂದ ಈ ಜಿಲ್ಲೆಗೆ ರಂಗದ ಹುಚ್ಚಿದೆ. ಮೊಹರಂ ರಾತ್ರಿಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಮೇಳ, ರಿವಾಯತ್ ಪದ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಮೊಹರಂ ನಡೆಯುವ ಸೀಮೆ ನಮ್ಮದು. ರಂಜಾನಿನ ಕೊನೆಯ ದಿನಗಳಲ್ಲಿ ತರಾವೀಹ್ ಮುಗಿದ ಮೇಲೆ ಪೇಟೆಗೆ ಬಂದು ಶಾವಿಗೆ, ಖರ್ಜೂರ, ಬಳೆ, ಬಟ್ಟೆ ಕೊಳ್ಳುವ ಗದ್ದಲವನ್ನು ನೀವೇ ನೋಡಿದ್ದೀರಿ. ಅಂಗಡಿಕಾರರಿಗೆ ಜಾತಿ, ಧರ್ಮ ನೋಡದೆ ಕೈತುಂಬ ವ್ಯಾಪಾರ.

ಅಂದರೆ ನಮಗೆ ಹಬ್ಬದ ರಾತ್ರಿ ಗೊತ್ತು, ವಾರದ ರಾತ್ರಿ ಗೊತ್ತಿಲ್ಲ.

ಆ ಸಂಜೆ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟಿದ್ದೆ. ಬಜಾರಿನ ಒಂದು ಮೂಲೆಯಲ್ಲಿ ನಿಂತು ಆರು ಗಂಟೆಗೆ ಹತ್ತು ನಿಮಿಷ, ಎಂಟು ಗಂಟೆಗೆ ಹತ್ತು ನಿಮಿಷ, ಹಾದುಹೋಗುವವರನ್ನು ಎಣಿಸಬೇಕು. ಹೆಂಗಸರು, ಗಂಡಸರು ಬೇರೆ ಬೇರೆ. ಆರು ಗಂಟೆಗೆ ಇಬ್ಬರ ಸಂಖ್ಯೆಯಲ್ಲಿ ಅಂಥ ಅಂತರ ಇರಲಿಲ್ಲ. ಎಂಟು ಗಂಟೆಗೆ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಅಂಗಡಿಗಳು ತೆರೆದೇ ಇದ್ದವು, ಮಿರ್ಚಿ ಬಂಡಿಯ ಎಣ್ಣೆ ಕುದಿಯುತ್ತಲೇ ಇತ್ತು. ಕೊಳ್ಳುವ ಅರ್ಧ ಜನ ಮನೆಗೆ ಹೋಗಿಯಾಗಿತ್ತು. ಇದನ್ನು ಬೇಡಿಕೆಯ ಭಾಷೆಯಲ್ಲಿ ಹೇಳಿ: ಕತ್ತಲು ಬೇಡಿಕೆಯ ರೇಖೆಯನ್ನು ಎಡಕ್ಕೆ ತಳ್ಳುತ್ತದೆ. ಬೀದಿದೀಪ, ಸ್ವಚ್ಛ ಶೌಚಾಲಯ, ಕೊನೆಯ ಬಸ್ಸಿನ ಸಮಯ, ಕುಟುಂಬ ಸಮೇತ ಉಳಿಯಬಹುದಾದ ವಸತಿ, ಇವು ಬರೀ ಸೌಕರ್ಯಗಳಲ್ಲ, ಆ ರೇಖೆಯನ್ನು ಬಲಕ್ಕೆ ತರುವ ಹೂಡಿಕೆಗಳು.

ಇಬ್ನ್ ಬತೂತ ಎಂಬ ಪ್ರವಾಸಿಯ ಹೆಸರು ಕೇಳಿದ್ದೀರಿ. ಮೊರಾಕ್ಕೋದಿಂದ ಹೊರಟ ಅವರು 14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದರು, ಚೀನಾಕ್ಕೂ ಹೋಗಿದ್ದರು. ಹೊನ್ನಾವರದಲ್ಲಿ ಅವರು ಬರೆದುಕೊಂಡ ಸಂಗತಿಗಳಲ್ಲಿ ಒಂದು: ಊರಿನಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ. ಚೀನಾದ ಬಗ್ಗೆ ಬರೆಯುವಾಗ, ಪ್ರಯಾಣಿಕನಿಗೆ ಇಷ್ಟು ಸುರಕ್ಷಿತವಾದ ದೇಶ ಇನ್ನೊಂದಿಲ್ಲ ಎಂಬ ಅರ್ಥದ ಮಾತು ಹೇಳಿ, ಅದಕ್ಕೆ ಕಾರಣವನ್ನೂ ಕೊಟ್ಟರು. ದಾರಿಯ ವಸತಿಗೃಹಗಳಲ್ಲಿ ಸಂಜೆ ಅಧಿಕಾರಿಯೊಬ್ಬ ಗುಮಾಸ್ತನೊಂದಿಗೆ ಬಂದು ತಂಗಿದವರ ಹೆಸರು ಬರೆದುಕೊಂಡು ಬಾಗಿಲು ಭದ್ರಪಡಿಸುತ್ತಿದ್ದ. ಬೆಳಿಗ್ಗೆ ಬಂದು ಹೆಸರು ಕರೆದು ಎಲ್ಲರೂ ಇದ್ದಾರೆಯೇ ಎಂದು ನೋಡುತ್ತಿದ್ದ.

ಗಮನಿಸಿ, ದೊಡ್ಡ ಪ್ರವಾಸಿ ಬರೆದಿಟ್ಟದ್ದು ಅರಮನೆಗಳನ್ನು ಮಾತ್ರವಲ್ಲ. ಹುಡುಗಿಯರು ಓದುತ್ತಾರೆಯೇ, ಅಪರಿಚಿತ ರಾತ್ರಿ ನಿರಾತಂಕವಾಗಿ ಮಲಗಬಹುದೇ ಎಂಬುದನ್ನೂ ಬರೆದಿಟ್ಟರು. ಊರು ದೊಡ್ಡದೋ ಸಣ್ಣದೋ ಎಂದು ಅಳೆಯಲು ಈ ಎರಡು ಪ್ರಶ್ನೆಗಳು ಇವತ್ತಿಗೂ ಸಾಕು.

6. ಹಾಗಾದರೆ ನಾವೇನು ಮಾಡಬಹುದು?

ಸರ್ಕಾರ ಮಾಡಬೇಕಾದ್ದನ್ನು ಸರ್ಕಾರಕ್ಕೆ ಕೇಳೋಣ, ಅದು ನಾಗರಿಕರ ಹಕ್ಕು. ಹದಿನೇಳು ಹದಿನೆಂಟರ ವಯಸ್ಸಿನ ನೀವು ಮಾಡಬಹುದಾದ ಕೆಲಸಗಳೂ ಇವೆ.

ಒಂದು, ಹೇಳಲು ಕಲಿಯಿರಿ. ನರಗುಂದದ ಗುಡ್ಡದ ಮೇಲೆ ನಿಂತು ಕನ್ನಡ, ಉರ್ದು, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಐದು ನಿಮಿಷ ಮಾತನಾಡಬಲ್ಲ ಹುಡುಗ ಅಥವಾ ಹುಡುಗಿ ಊರಿಗೆ ಆಸ್ತಿ. ನಿಮ್ಮಲ್ಲಿ ಬಹಳ ಜನರಿಗೆ ಮನೆಯಲ್ಲಿ ಒಂದು, ಓಣಿಯಲ್ಲಿ ಒಂದು, ಶಾಲೆಯಲ್ಲಿ ಒಂದು ಭಾಷೆ ಇದೆ. ಅದನ್ನು ಗೊಂದಲ ಎಂದುಕೊಳ್ಳಬೇಡಿ, ಬಂಡವಾಳ ಎಂದುಕೊಳ್ಳಿ.

ಎರಡು, ಕಸುಬನ್ನು ದಾಖಲಿಸಿ. ಪ್ರತಿ ವಿದ್ಯಾರ್ಥಿ ತನ್ನ ಓಣಿಯ ಒಂದು ಕಸುಬಿನ ಹತ್ತು ಪದಗಳನ್ನು ಬರೆದು ತರಲಿ. ಕುಣಿಮಗ್ಗ, ಲಾಳಿ, ಕಂಡಿಕೆ ಮುಂತಾದ ಮಾತುಗಳು ಮಗ್ಗದೊಂದಿಗೇ ಹೋಗಿಬಿಡಬಾರದು.

ಮೂರು, ನೇಕಾರ ಮತ್ತು ಗ್ರಾಹಕರ ನಡುವಿನ ದೂರ ಕಡಿಮೆ ಮಾಡಿ. ಆ ವಿದ್ಯಾರ್ಥಿನಿಯ ಮನೆಯ ಸೀರೆಗಳ ಫೋಟೊ ತೆಗೆದು, ಯಾರು ನೇಯ್ದರು, ಎಷ್ಟು ದಿನ ಹಿಡಿಯಿತು ಎಂದು ಎರಡು ಸಾಲು ಬರೆದು, ಗೆಳತಿಯರು ತಮ್ಮ ಬಂಧುಬಳಗಕ್ಕೆ ಮೊಬೈಲಿನಲ್ಲಿ ಕಳಿಸಿದರು. ಮೊದಲ ತಿಂಗಳಲ್ಲಿ ಮೂರು ಸೀರೆ ಹೋದವು. ಮೂರು ಸೀರೆಯಿಂದ ಮಗ್ಗ ಉಳಿಯುವುದಿಲ್ಲ, ಅದು ನನಗೂ ಗೊತ್ತು, ಅವಳ ತಂದೆಗೂ ಗೊತ್ತು. ಆದರೆ ಮಗ್ಗ ಮಾರುವ ಮಾತನ್ನು ಅವರು ಯುಗಾದಿಯವರೆಗೆ ಮುಂದಕ್ಕೆ ಹಾಕಿದ್ದಾರೆ. ಅಲ್ಲಿಯವರೆಗಿನ ಸಮಯ ನಮ್ಮ ಕೈಯಲ್ಲಿದೆ.

7. ಅಭ್ಯಾಸದ ಪ್ರಶ್ನೆಗಳು

1. ಪ್ರವಾಸಿಯ ಖರ್ಚನ್ನು ಅಗೋಚರ ರಫ್ತು ಎಂದು ಏಕೆ ಕರೆಯುತ್ತಾರೆ? ಎರಡು ವಾಕ್ಯಗಳಲ್ಲಿ ಬರೆಯಿರಿ.

2. ಊರಿನಲ್ಲಿ ಮರುಖರ್ಚಾಗುವ ಭಾಗ 0.6 ಆದರೆ ಗುಣಕ ಎಷ್ಟು? 4,000 ರೂಪಾಯಿ ಖರ್ಚಿನಿಂದ ಊರಿಗೆ ಬರುವ ಒಟ್ಟು ಆದಾಯ ಎಷ್ಟು?

3. ನಿಮ್ಮ ಮನೆಯಲ್ಲಿ ಕಳೆದ ವಾರ ಕೊಂಡ ಹತ್ತು ವಸ್ತುಗಳ ಪಟ್ಟಿ ಮಾಡಿ. ಯಾವುದರ ಹಣ ಊರಿನಲ್ಲಿ ಉಳಿಯಿತು, ಯಾವುದರದು ಹೊರಗೆ ಹೋಯಿತು ಎಂದು ಗುರುತಿಸಿ.

4. ನಿಮ್ಮ ಊರಿನ ಬಜಾರಿನಲ್ಲಿ ಸಂಜೆ ಆರು ಮತ್ತು ರಾತ್ರಿ ಎಂಟಕ್ಕೆ ಹಾದುಹೋಗುವವರನ್ನು ಎಣಿಸಿ ಕೋಷ್ಟಕ ಮಾಡಿ. ಅಂತರ ಕಂಡರೆ ಕಾರಣವನ್ನು ನಿಮ್ಮ ತಾಯಿ, ಅಕ್ಕ, ಅಜ್ಜಿಯರನ್ನೇ ಕೇಳಿ ಬರೆಯಿರಿ.

5. ಗಜೇಂದ್ರಗಡಕ್ಕೆ ಬಂದ ಪ್ರವಾಸಿ ಒಂದು ರಾತ್ರಿ ಇಲ್ಲೇ ಉಳಿಯಬೇಕಾದರೆ ಇರಬೇಕಾದ ಐದು ಸೌಕರ್ಯಗಳನ್ನು ಅಗತ್ಯದ ಕ್ರಮದಲ್ಲಿ ಬರೆಯಿರಿ.

ಎರಡನೆಯ ಪ್ರಶ್ನೆಯ ಉತ್ತರ 2.5 ಮತ್ತು 10,000 ರೂಪಾಯಿ. ಉಳಿದ ನಾಲ್ಕರ ಉತ್ತರಗಳನ್ನು ಮುಂದಿನ ಶನಿವಾರದೊಳಗೆ ಬರೆದು ತನ್ನಿ. ಒಳ್ಳೆಯ ಉತ್ತರಗಳನ್ನು ಇದೇ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಹೆಸರಿನೊಂದಿಗೆ ಪ್ರಕಟಿಸೋಣ.